ಆರೂವರೆ ಕಿಲೋದ ಲೋಡರ್

"ಇಷ್ಟು ಉಸಾಬರಿ ಯಾಕೆ ಮಾರಾಯ, ಪ್ಲಾಸ್ಟಿಕ್‌ನಲ್ಲಿ ರೆಡಿ ಸಿಗುತ್ತಲ್ಲ?"

ನನ್ನ ಮೇಜಿನ ಮೇಲಿರುವ ಲೋಡರ್ ನೋಡಿದವರೆಲ್ಲ ಕೇಳುವುದು ಇದನ್ನೇ. ಲೋಡರ್ ಅಂದರೆ ಮುಂದಿನ ಬಕೆಟ್ಟಿನಲ್ಲಿ ಮಣ್ಣು, ಅದಿರು ಎತ್ತಿ ಲಾರಿಗೆ ತುಂಬುವ ಯಂತ್ರ; ನನ್ನದು ಅದರ ಪುಟ್ಟ ಮಾಡೆಲ್, ನಾನೇ ಮಾಡಿದ್ದು. ನಿಜ, ಸಿಗುತ್ತದೆ. ರಿಮೋಟ್ ಜೊತೆಗೇ ಸಿಗುತ್ತದೆ. ಬಣ್ಣ, ಸ್ಟಿಕ್ಕರ್, ಕ್ಯಾಬಿನ್ ಒಳಗಿನ ಸೀಟು ಎಲ್ಲ ನನ್ನದಕ್ಕಿಂತ ಚೆಂದ. ಆದರೆ ಅದನ್ನು ಒಂದು ಸಲ ಮರಳಿನ ಗುಡ್ಡೆಗೆ ನುಗ್ಗಿಸಿ ನೋಡಬೇಕು. ಬಕೆಟ್ಟಿನ ತುದಿ ಮರಳಿಗೆ ತಾಗಿದ್ದೇ ತಡ, ಗಾಡಿ ನಿಂತಲ್ಲೇ ಚಕ್ರ ತಿರುಗಿಸುತ್ತದೆ. ಬಕೆಟ್ ಎತ್ತಿದರೆ ಸರಕ್ಕನೆ ಮೇಲೆ ಹೋಗಿ ಟಕ್ ಅಂತ ನಿಲ್ಲುತ್ತದೆ. ಅದಕ್ಕೆ ತೂಕವೇ ಇಲ್ಲ. ತೂಕ ಇಲ್ಲದ ಲೋಡರ್ ನನ್ನ ಮಟ್ಟಿಗೆ ಲೋಡರ್ ಅಲ್ಲ.

ಹೀಗೆ ಹಠ ಹಿಡಿಯುವುದಕ್ಕೆ ಕಾರಣ ಇದೆ. ಒಂದು ಕಾಲದಲ್ಲಿ ನನ್ನ ಹೊಟ್ಟೆಪಾಡೇ ತೂಕದ್ದಾಗಿತ್ತು. ಅಂಕೋಲಾ ಹತ್ತಿರದ ಬೇಲೇಕೇರಿ ಬಂದರಿನಿಂದ ಅದಿರು ಹೋಗುತ್ತಿದ್ದ ದಿನಗಳಲ್ಲಿ ನಾನು ಲಾರಿ ತೂಗುವ ಒಂದು ವೇಬ್ರಿಡ್ಜ್‌ನಲ್ಲಿ ಕೂತು ಚೀಟಿ ಬರೆಯುತ್ತಿದ್ದೆ. ಬಳ್ಳಾರಿ, ಹೊಸಪೇಟೆ ಕಡೆಯಿಂದ ಹೊರಟ ಲಾರಿಗಳು ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಬರುತ್ತಿದ್ದವು. ದಾರಿ ಬದಿಯ ಮರ, ಮನೆ, ಅಂಗಡಿಯ ಬೋರ್ಡು ಎಲ್ಲದರ ಮೇಲೂ ಕೆಂಪು ಧೂಳು. ಬಂದರಿನ ಪ್ಲಾಟ್‌ನಲ್ಲಿ ಅದಿರಿನ ಗುಡ್ಡೆಗಳು. ಆ ಗುಡ್ಡೆಗಳ ಬುಡದಲ್ಲಿ ಹಗಲು ರಾತ್ರಿ ಎನ್ನದೆ ವೀಲ್ ಲೋಡರ್‌ಗಳು. ನಾನು ಜಾಸ್ತಿ ನೋಡಿದ್ದು ಹಿಂದೂಸ್ತಾನ್ 2021 ಅನ್ನುವ ಮಾಡೆಲ್. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ನಮ್ಮ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. ಲಾರಿಗಳು ನಿಂತವು, ನನ್ನ ಕೆಲಸವೂ ನಿಂತಿತು. ಅದರ ರಾಜಕೀಯ ಎಲ್ಲರಿಗೂ ಗೊತ್ತಿರುವುದೇ, ಇಲ್ಲಿ ಬೇಡ.

ಲಾರಿ ಬಾರದ ಹೊತ್ತಿನಲ್ಲಿ ನನಗೆ ನೋಡಲಿಕ್ಕೆ ಇದ್ದದ್ದು ಲೋಡರ್ ಮಾತ್ರ. ನೋಡಿ ನೋಡಿ ಒಂದು ಗೊತ್ತಾಯಿತು: ತೂಕ ಕಣ್ಣಿಗೆ ಕಾಣುತ್ತದೆ. ಬಕೆಟ್ ಗುಡ್ಡೆಯೊಳಗೆ ಹೋಗುವಾಗ ಮುಂದಿನ ಟೈರ್ ಅಗಲವಾಗುತ್ತದೆ. ಹಿಂಭಾಗ ಸ್ವಲ್ಪ ಹಗುರಾಗುತ್ತದೆ. ಎಂಜಿನ್ನಿನ ದನಿ ಕೆಳಗಿಳಿಯುತ್ತದೆ. ಗಾಡಿ ಕಟ್ಟಿದ ಕೋಣ ಏರಿನಲ್ಲಿ ಕುತ್ತಿಗೆ ತಗ್ಗಿಸಿ ಒಂದು ಕ್ಷಣ ನಿಂತು ಮತ್ತೆ ಎಳೆಯುತ್ತದಲ್ಲ, ಅದೇ ಥರ. ಒಳ್ಳೆ ಆಪರೇಟರ್‌ಗೆ ಇದು ಕೂತ ಸೀಟಿನಲ್ಲೇ ತಿಳಿಯುತ್ತಿತ್ತು. "ಈ ಸಲ ಬಕೆಟ್ ಪೂರ್ತಿ ತುಂಬಿಲ್ಲ" ಅಂತ ಅವರು ಹೇಳಿದರೆ ನನ್ನ ತೂಕದ ಕಾಟಾ ಸಹ ಅದನ್ನೇ ಹೇಳುತ್ತಿತ್ತು.

ಆ ಬಳಲಿಕೆಯನ್ನು ಮೇಜಿನ ಮೇಲೆ ತರಬೇಕು ಅನ್ನುವುದೇ ನನ್ನ ಆಸೆ. ಕನ್ನಡಿ, ಲೈಟು ಆಮೇಲೆ ನೋಡಿಕೊಂಡರಾಯಿತು.

ಲೆಕ್ಕದಿಂದ ಶುರು ಮಾಡುತ್ತೇನೆ, ಯಾಕೆಂದರೆ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಲೆಕ್ಕವೇ. ನಾನು ಆರಿಸಿಕೊಂಡದ್ದು 1:14 ಅಳತೆ. ರಿಮೋಟ್ ಲಾರಿ ಮಾಡುವವರಲ್ಲಿ ಈ ಅಳತೆ ಬಳಕೆಯಲ್ಲಿದೆ, ಹಾಗಾಗಿ ಟೈರು, ಗೇರು ಸಿಗುತ್ತವೆ. ಸುಮಾರು 18 ಟನ್ ತೂಗುವ, ಮೂರು ಘನ ಮೀಟರ್ ಬಕೆಟ್ಟಿನ ಲೋಡರ್ ಅಂದುಕೊಳ್ಳಿ. ಉದ್ದ, ಅಗಲ, ಎತ್ತರ ಎಲ್ಲ 14 ಪಾಲು ಕಡಿಮೆ ಆಗುತ್ತದೆ. ಆದರೆ ತೂಕ 14 ಪಾಲು ಕಡಿಮೆ ಆಗುವುದಲ್ಲ. 14 ಗುಣಿಸು 14 ಗುಣಿಸು 14 ಮಾಡಿ: 2,744. ಅಂದರೆ 18 ಟನ್ನಿನ ಯಂತ್ರ ಮೇಜಿನ ಮೇಲೆ ಆರೂವರೆ ಕಿಲೋ ತೂಗಬೇಕು. ಆಳೆತ್ತರದ ಟೈರು 115 ಮಿಲಿಮೀಟರ್ ಆಗುತ್ತದೆ. ಐದು ಟನ್ ಮರಳು ಎತ್ತುವ ಬಕೆಟ್ಟಿಗೆ ಒಂದು ಲೀಟರ್ ಚಿಲ್ಲರೆ ಹಿಡಿಯುತ್ತದೆ, ಒಣ ಎಂ-ಸ್ಯಾಂಡ್ ತುಂಬಿದರೆ ಒಂದೂಮುಕ್ಕಾಲು ಕಿಲೋ.

ಆರೂವರೆ ಕಿಲೋ ಪ್ಲಾಸ್ಟಿಕ್‌ನಲ್ಲಿ ಬರುವುದಿಲ್ಲ. ಕಬ್ಬಿಣ, ಹಿತ್ತಾಳೆಯೇ ಬೇಕು. ನಿಜವಾದ ಬಕೆಟ್ಟಿನ 20 ಮಿಲಿಮೀಟರ್ ಪ್ಲೇಟು ನನ್ನಲ್ಲಿ ಒಂದೂವರೆ ಮಿಲಿಮೀಟರ್ ತಗಡು. ಅದು ಪೇಟೆಯಲ್ಲಿ ಸುಲಭವಾಗಿ ಸಿಗುವ ತಗಡೇ. ಹೀಗೆ ಲೆಕ್ಕ ತಾನಾಗಿ ಕೂಡಿಬಂದಾಗ ಯಾರೋ ನನಗಾಗಿಯೇ ಎತ್ತಿಟ್ಟಿದ್ದರು ಅನ್ನಿಸುತ್ತದೆ.

ಇನ್ನೂ ಚೆಂದದ್ದು ಬಕೆಟ್ ಎತ್ತುವ ಎಣ್ಣೆಯ ಒತ್ತಡದ ಲೆಕ್ಕ. ಹೈಸ್ಕೂಲಿನ ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳು ಎರಡು ಸಿರಿಂಜ್, ಒಂದು ಸಲೈನ್ ಪೈಪು, ರಟ್ಟು ಇಟ್ಟುಕೊಂಡು ಜೆಸಿಬಿ ಮಾಡಿರುತ್ತಾರೆ, ನೋಡಿರುತ್ತೀರಿ. ಪ್ರತಿ ವರ್ಷ, ಪ್ರತಿ ಶಾಲೆಯಲ್ಲಿ ಒಂದಾದರೂ ಇದ್ದೇ ಇರುತ್ತದೆ. ನಗುವ ಹಾಗಿಲ್ಲ, ಹೈಡ್ರಾಲಿಕ್ ಅಂದರೆ ಅಷ್ಟೇ. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ ಅಂತ 17ನೇ ಶತಮಾನದಲ್ಲಿ ಪ್ಯಾಸ್ಕಲ್ ಹೇಳಿದ. ಜೋಸೆಫ್ ಬ್ರಾಮಾ ಅನ್ನುವವನು ಇಂಗ್ಲೆಂಡಿನಲ್ಲಿ 1795ರಲ್ಲಿ ಅದರಿಂದ ಒಂದು ಪ್ರೆಸ್ ಮಾಡಿ ಪೇಟೆಂಟ್ ಪಡೆದ. ಸಣ್ಣ ಪಿಸ್ಟನ್ ಒತ್ತಿದರೆ ದೊಡ್ಡ ಪಿಸ್ಟನ್ ಜಾಸ್ತಿ ಬಲದಲ್ಲಿ ಏಳುತ್ತದೆ. ಬಲ ಅಂದರೆ ಒತ್ತಡ ಗುಣಿಸು ಪಿಸ್ಟನ್ನಿನ ಮುಖದ ವಿಸ್ತೀರ್ಣ.

ಈಗ ನೋಡಿ. ನನ್ನ ಮಾಡೆಲ್‌ಗೆ ಬೇಕಾದ ಬಲ 2,744 ಪಾಲು ಕಡಿಮೆ. ಪಿಸ್ಟನ್ನಿನ ಮುಖ 14 ಗುಣಿಸು 14, ಅಂದರೆ 196 ಪಾಲು ಕಡಿಮೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 14. ಅಂದರೆ ಒತ್ತಡವೂ 14 ಪಾಲು ಕಡಿಮೆ ಸಾಕು! ಒತ್ತಡ ಅಳೆಯುವುದು ಬಾರ್ ಲೆಕ್ಕದಲ್ಲಿ. ದೊಡ್ಡ ಲೋಡರಿನಲ್ಲಿ 280 ಬಾರ್ ಇದ್ದರೆ ಇಲ್ಲಿ 20 ಬಾರ್. 280 ಬಾರ್ ಪೈಪನ್ನು ಮನೆಯಲ್ಲಿ ಮುಟ್ಟಲಿಕ್ಕೆ ಧೈರ್ಯ ಬರಲಿಕ್ಕಿಲ್ಲ. 20 ಬಾರ್ ಪಳಗಿಸಬಹುದು. ಒಳಗೆ ಹತ್ತು ಮಿಲಿಮೀಟರ್ ಅಗಲದ ಸಿಲಿಂಡರ್ ಅಂದರೆ ಪಿಸ್ಟನ್ ಓಡಾಡುವ ಕೊಳವೆ ಒಂದಕ್ಕೆ ಸುಮಾರು 16 ಕಿಲೋ ಬಲ ಸಿಗುತ್ತದೆ. ಬೂಮ್, ಅಂದರೆ ಬಕೆಟ್ ಹೊತ್ತ ತೋಳು, ಎತ್ತಲಿಕ್ಕೆ ಅಂಥವು ಎರಡು. ಎರಡನ್ನೂ ಪೂರ್ತಿ ಚಾಚಲಿಕ್ಕೆ ಬೇಕಾದ ಎಣ್ಣೆ ಒಂಬತ್ತು ಸಿಸಿ ದಾಟುವುದಿಲ್ಲ.

ಸಿಲಿಂಡರ್ ಮಾತ್ರ ಕೊಳ್ಳಬಾರದು, ನಾನೇ ಮಾಡಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಹಿತ್ತಾಳೆ ಕೊಳವೆ, ಸ್ಟೇನ್‌ಲೆಸ್ ರಾಡ್, ಎಣ್ಣೆ ಸೋರದ ಹಾಗೆ ತಡೆಯುವ ರಬ್ಬರಿನ ಓ-ರಿಂಗ್. ಲೇತ್ ಕೆಲಸಕ್ಕೆ ಕಾರವಾರದಲ್ಲಿ ಪರಿಚಯದವರಿದ್ದಾರೆ. ಬೋಟಿನ ಶಾಫ್ಟು, ಬುಶ್ಶು ಮಾಡುವ ಕೈ ಅವರದು. ನಾಲ್ಕು ಮಿಲಿಮೀಟರ್ ರಾಡಿಗೆ ಮೂರು ಮಿಲಿಮೀಟರ್ ಥ್ರೆಡ್ ಹಾಕಿ ಅಂದಾಗ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. ಆದರೂ ಮಾಡಿಕೊಟ್ಟರು.

ಕೊಳವೆಯ ತುದಿಗೆ ಮುಚ್ಚಳ ಬೆಸೆಯುವ ಕೆಲಸ ಲೇತ್‌ನದ್ದಲ್ಲ. ಸಾದಾ ಸೋಲ್ಡರ್ ಅಲ್ಲಿ ಸಾಲದು, ಬೆಳ್ಳಿ ಬೆಸುಗೆ ಬೇಕು. ಅದಕ್ಕೆ ನಮ್ಮೂರ ಶೇಟ್ರ ಅಂಗಡಿಗೆ ಹೋದೆ. ಮೂಗುತಿ, ಕರಿಮಣಿ ಮಾಡುವವರ ಎದುರು ಹಿತ್ತಾಳೆ ಕೊಳವೆ ಇಟ್ಟರೆ ಏನೆನ್ನುತ್ತಾರೋ ಅಂತ ಅಳುಕಿತ್ತು. ಶೇಟ್ರು ಕೊಳವೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. "ಒಳಗಡೆ ಬೆಸುಗೆ ಹರಿಯಬಾರದು, ಅಲ್ವಾ?" ಅಂದರು. ಅಷ್ಟರಲ್ಲೇ ನನಗೆ ಸಮಾಧಾನವಾಯಿತು. ಕೆಲಸ ಅರ್ಥವಾದವರು ಮಾತ್ರ ಕೇಳುವ ಪ್ರಶ್ನೆ ಅದು.

ಅವರು ಬಿಳಿಗಾರವನ್ನು ನೀರಲ್ಲಿ ತೇಯ್ದು ಸಂದಿಗೆ ಹಚ್ಚಿದರು. ಬೆಸುಗೆಯನ್ನು ಎಳ್ಳಿನಷ್ಟು ತುಣುಕು ಮಾಡಿ ಚಿಮಟದಲ್ಲಿ ಒಂದೊಂದಾಗಿ ಸುತ್ತ ಕೂರಿಸಿದರು. ಬೆಂಕಿಯನ್ನು ಬೆಸುಗೆಗೆ ಹಿಡಿಯಲೇ ಇಲ್ಲ. ದಪ್ಪ ಇರುವ ಮುಚ್ಚಳಕ್ಕೆ ಮೊದಲು ಕಾವು ಕೊಟ್ಟು ಆಮೇಲೆ ತೆಳು ಕೊಳವೆಯ ಕಡೆ ಬಂದರು. ಬಿಳಿಗಾರ ಮೊದಲು ಉಬ್ಬಿ ಬೆಳ್ಳಗಾಯಿತು, ಮತ್ತೆ ಕರಗಿ ಗಾಜಿನ ಹಾಗೆ ತಿಳಿಯಾಯಿತು. ಹಿತ್ತಾಳೆ ಮಂಕು ಕೆಂಪಿಗೆ ತಿರುಗಿದ ಕ್ಷಣಕ್ಕೆ ತುಣುಕುಗಳೆಲ್ಲ ಒಟ್ಟಿಗೆ ಮಾಯವಾಗಿ ಸಂದಿಯ ಸುತ್ತ ಒಂದು ಬೆಳ್ಳಿ ಗೆರೆ ಓಡಿತು. ಬೆಂಕಿ ತಕ್ಷಣ ಆಚೆ. ಇನ್ನೂ ಕಾಯಿಸಿದ್ದರೆ ಹಿತ್ತಾಳೆಯೇ ಕುಸಿಯುತ್ತಿತ್ತು. ಬೆಸುಗೆ ಕರಗುವುದು 650 ಡಿಗ್ರಿ ಆಸುಪಾಸಿನಲ್ಲಿ, ಹಿತ್ತಾಳೆ 900ರ ಮೇಲೆ. ಬೆಂಕಿ ಹಿಡಿದ ಕೈಗೆ ಆ ಅಂತರ ಏನೇನೂ ಅಲ್ಲ. ಕೊನೆಗೆ ಹುಣಸೆಹುಳಿ ನೀರಿನಲ್ಲಿ ಹಾಕಿ ತೊಳೆದರು. ದುಡ್ಡು ಎಷ್ಟು ಅಂದರೆ, "ಇದಕ್ಕೆ ಏನು ತಗೊಳ್ಳುವುದು ನಾಯ್ಕರೇ, ಓಡಿಸುವಾಗ ಕರೆಯಿರಿ" ಅಂದರು.

ಓ-ರಿಂಗ್ ವಿಷಯದಲ್ಲಿ ಅವಸರ ನಡೆಯುವುದಿಲ್ಲ. ಪಿಸ್ಟನ್ನಿನ ಗ್ರೂವ್‌ನಲ್ಲಿ ಕೂತ ರಿಂಗ್ ಕೊಳವೆಯ ಬಾಯಿಗೆ ಹೋಗುವಾಗ ಅಲ್ಲಿ ಚೂಪು ಅಂಚು ಇದ್ದರೆ ಕೂದಲೆಳೆಯಷ್ಟು ರಬ್ಬರ್ ಸೀಳಿ ಬರುತ್ತದೆ. ಕಣ್ಣಿಗೆ ಕಾಣುವುದೂ ಇಲ್ಲ. ಎಣ್ಣೆ ಮಾತ್ರ ಅದನ್ನು ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಕೊಳವೆಯ ಬಾಯಿ ಒಳಮುಖವಾಗಿ ಓರೆ ಇರಬೇಕು, ಎಣ್ಣೆ ಪಸೆ ಇರಬೇಕು, ಪಿಸ್ಟನ್ನನ್ನು ತಿರುಗಿಸುತ್ತಾ ಒಳಗೆ ಬಿಡಬೇಕು. ರಿಂಗ್ ಬಿಗಿಯಾದರೆ ಸೋರುವುದಿಲ್ಲ, ಆದರೆ ಸಿಲಿಂಡರ್ ಜರಕ್ ಜರಕ್ ಅಂತ ಹೋಗುತ್ತದೆ. ಸಡಿಲಾದರೆ ನುಣ್ಣಗೆ ಹೋಗುತ್ತದೆ, ಮೇಜು ಒದ್ದೆಯಾಗುತ್ತದೆ. ದೊಡ್ಡ ಯಂತ್ರದಲ್ಲಿ ಸೀಲಿನ ಉಜ್ಜಾಟ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಇರುವ ಬಲದಲ್ಲಿ ಒಳ್ಳೆ ಪಾಲು ಅದೇ ತಿನ್ನುತ್ತದೆ. ಸಿಲಿಂಡರ್ ಪರೀಕ್ಷೆ ಯಾವತ್ತೂ ಎಣ್ಣೆಯಲ್ಲೇ ಮಾಡಬೇಕು, ಗಾಳಿಯಲ್ಲಿ ಬೇಡ. ಎಣ್ಣೆ ಕುಗ್ಗುವುದಿಲ್ಲ, ಸಂದಿ ಬಿಟ್ಟರೆ ಒಂದು ತೊಟ್ಟು ಜಿನುಗಿ ಒತ್ತಡ ಇಳಿದುಬಿಡುತ್ತದೆ. ಒಳಗೆ ಒತ್ತಿಟ್ಟ ಗಾಳಿ ಇದ್ದು ಸಂದಿ ಬಿಟ್ಟರೆ ಮುಚ್ಚಳ ಗುಂಡಿನ ಹಾಗೆ ಹಾರುತ್ತದೆ.

ಪಂಪ್, ವಾಲ್ವ್ ಎರಡನ್ನೂ ತರಿಸಿಕೊಂಡೆ. ಅದರ ಬೆಲೆಯನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ಪಂಪ್ ಅಂದರೆ ಹಲ್ಲಿಗೆ ಹಲ್ಲು ಕೂತ ಎರಡು ಪುಟ್ಟ ಗೇರ್. ಎಣ್ಣೆ ಅವೆರಡರ ನಡುವಿನಿಂದ ಹೋಗುತ್ತದೆ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಅಲ್ಲ, ಹಲ್ಲುಗಳ ಸಂದಿಯಲ್ಲಿ ಕೂತು ಹೊರಗಿನ ಗೋಡೆ ಬಳಸಿ ಹೋಗುತ್ತದೆ. ನಡುವೆ ಹಲ್ಲುಗಳು ಕೂಡಿಕೊಳ್ಳುವುದರಿಂದ ವಾಪಸ್ ಬರಲಿಕ್ಕೆ ಜಾಗವಿಲ್ಲ, ಅಷ್ಟೇ. ಅದನ್ನು ತಿರುಗಿಸಲಿಕ್ಕೆ ಡ್ರೋನ್‌ನಲ್ಲಿ ಇರುವಂಥ ಬ್ರಶ್‌ಲೆಸ್ ಮೋಟಾರ್. ಬಕೆಟ್ ಭಾರ ಹೊತ್ತಾಗ ಅದರ ದನಿ ತಗ್ಗುತ್ತದೆ! ಅದನ್ನು ನಾನು ಮಾಡಿದ್ದಲ್ಲ, ತಾನಾಗಿ ಬಂತು. ಎಣ್ಣೆಗೆ ಇಷ್ಟು ಖರ್ಚು ಮಾಡಿದ್ದು ಸಾರ್ಥಕ ಅನ್ನಿಸಿದ್ದು ಆ ದನಿ ಕೇಳಿದಾಗ.

ಎಲ್ಲ ಸೇರಿಸಿದ ಮೇಲೂ ಒಂದು ತಂಟೆ ಇದೆ. ಬೂಮ್ ಎತ್ತಿಟ್ಟು ಚಹಾ ಕುಡಿದು ಬಂದರೆ ಒಂದು ಬೆರಳು ಇಳಿದಿರುತ್ತದೆ. ವಾಲ್ವಿನ ಒಳಗೆ ಎಣ್ಣೆ ತುಸು ಜಾರುತ್ತದೆ. ಇದನ್ನು ಸರಿ ಮಾಡುವ ಗೋಜಿಗೆ ನಾನು ಹೋಗಿಲ್ಲ. ದೊಡ್ಡ ಲೋಡರಿನಲ್ಲೂ ಇದು ಇದ್ದದ್ದೇ. ಕೆಲಸ ಮುಗಿದ ಮೇಲೆ ಬಕೆಟ್ಟನ್ನು ನೆಲಕ್ಕೆ ಊರಿಯೇ ನಿಲ್ಲಿಸಬೇಕು ಅನ್ನುವ ನಿಯಮ ಇರುವುದು ಸುಮ್ನೆ ಅಲ್ಲ.

ಲೋಡರಿನ ಮೈಕಟ್ಟಿನಲ್ಲಿ ಎರಡು ಜಾಣತನ ಇದೆ. ಮಾಡಿ ನೋಡಿದ ಮೇಲೇ ನನಗೆ ಅವು ಸರಿಯಾಗಿ ತಿಳಿದವು. ಮೊದಲನೆಯದು ನಡು. ಅಮೆರಿಕದ ಹಫ್ ಕಂಪನಿ 1947ರಲ್ಲಿ ನಾಲ್ಕೂ ಚಕ್ರ ಎಳೆಯುವ ಹೈಡ್ರಾಲಿಕ್ ಲೋಡರ್ ತಂದಾಗ ಅದರ ಮೈ ಒಂದೇ ತುಂಡು. ನಡುವಿನ ಕೀಲಿನಲ್ಲಿ ಮಡಚಿ ತಿರುಗುವ ಲೋಡರ್ ಬಂದದ್ದು 50ರ ದಶಕದಲ್ಲಿ. ಮಧ್ಯದ ಕೀಲು ಎರಡು ಆಕ್ಸಲ್‌ಗಳಿಗೂ ಸರಿಸಮ ದೂರದಲ್ಲಿದ್ದರೆ ಮುಂದಿನ ಚಕ್ರ ಹೋದ ಜಾಡಿನಲ್ಲೇ ಹಿಂದಿನದ್ದೂ ಹೋಗುತ್ತದೆ. ಮರಳಿನಲ್ಲಿ ಓಡಿಸಿದರೆ ಒಂದು ಜೋಡಿ ಗೆರೆ ಮಾತ್ರ ಬೀಳುತ್ತದೆ. ಕೀಲಿನ ಎರಡೂ ಬದಿಗೆ ಒಂದೊಂದು ಸಿಲಿಂಡರ್, ಒಂದು ದೂಡುವಾಗ ಇನ್ನೊಂದು ಎಳೆಯುತ್ತದೆ. ರಾಡ್ ಇರುವ ಕಡೆ ಎಣ್ಣೆಗೆ ಜಾಗ ಕಡಿಮೆ, ಹಾಗಾಗಿ ಎಳೆಯುವ ಬಲ ದೂಡುವ ಬಲಕ್ಕಿಂತ ಯಾವಾಗಲೂ ಕಡಿಮೆ. ಜೋಡಿಯಾಗಿ ಕಟ್ಟಿದಾಗ ಆ ಏರುಪೇರು ಕಳೆದುಹೋಗಿ ಎಡಕ್ಕೂ ಬಲಕ್ಕೂ ಒಂದೇ ಬಲ ಸಿಗುತ್ತದೆ.

ಎರಡನೆಯದು ಬಕೆಟ್ ಮಗುಚುವ ವ್ಯವಸ್ಥೆ. ಬೂಮಿನ ಮಧ್ಯೆ ಒಂದು ತೊಲೆ, ಅದರ ಮೇಲ್ತುದಿಗೆ ಸಿಲಿಂಡರ್, ಕೆಳತುದಿಯಿಂದ ಬಕೆಟ್ಟಿಗೆ ಒಂದು ಕೊಂಡಿ. ಪಕ್ಕದಿಂದ ನೋಡಿದರೆ ಇಂಗ್ಲಿಷಿನ ಝಡ್ ಅಕ್ಷರ, ಹೆಸರೂ ಝಡ್-ಬಾರ್. ಸಿಲಿಂಡರ್ ದೂಡಿದಾಗ ಬಕೆಟ್ ಹಿಂದಕ್ಕೆ ಮಗುಚುತ್ತದೆ. ಅಂದರೆ ಗುಡ್ಡೆಯಿಂದ ಮಣ್ಣು ಕಿತ್ತು ತೆಗೆಯುವ ಕಷ್ಟದ ಕೆಲಸಕ್ಕೆ ಪಿಸ್ಟನ್ನಿನ ಪೂರ್ತಿ ಮುಖ, ಸುರಿಯುವ ಸುಲಭದ ಕೆಲಸಕ್ಕೆ ರಾಡಿನ ಕಡೆಯ ಕಡಿಮೆ ಬಲ. ಯಾರು ಮೊದಲು ಯೋಚಿಸಿದರೋ, ಅವರು ಮಣ್ಣು ತೆಗೆದು ಗೊತ್ತಿದ್ದವರೇ ಇರಬೇಕು. ಬೂಮಿನ ಎರಡು ತೋಳುಗಳನ್ನು ಒಟ್ಟಿಗೆ ಕಚ್ಚಿಸಿ ಒಂದೇ ಸಲಕ್ಕೆ ತೂತು ಕೊರೆದು, ಅದನ್ನು ನುಣುಪು ಮಾಡುವ ರೀಮರ್ ಹಾಕಿದೆ. ಪಿನ್ನಿನ ಬುಡದಲ್ಲಿ ಚೂರೇ ಚೂರು ಅಲುಗಾಟ ಇದ್ದರೂ ಬಕೆಟ್ಟಿನ ತುದಿಗೆ ಹೋಗುವಾಗ ಅದು ಕುಣಿತವಾಗುತ್ತದೆ.

ಇನ್ನು ನಮ್ಮ ಕರಾವಳಿಯ ಹವೆ. ಮಳೆಗಾಲದಲ್ಲಿ ಅರ ಹಾಕಿ ಹೊಳೆಯಿಸಿಟ್ಟ ಕಬ್ಬಿಣ ಬೆಳಗಾಗುವುದರೊಳಗೆ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಬೆರಳಿಟ್ಟ ಜಾಗದಲ್ಲಿ ಬೆರಳಚ್ಚಿನ ಆಕಾರದಲ್ಲೇ ತುಕ್ಕು. ಹಾಗಾಗಿ ಕೆಲಸ ಮುಗಿದ ಕೂಡಲೇ ಎಣ್ಣೆ ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕುವುದು ಊಟ ಆದ ಮೇಲೆ ಕೈ ತೊಳೆದಷ್ಟೇ ರೂಢಿ. ಸಮುದ್ರದ ಮರಳು ಇಲ್ಲೇ ಕಾಲಬುಡದಲ್ಲಿದ್ದರೂ ಮಾಡೆಲ್ ಹತ್ತಿರ ತರುವುದಿಲ್ಲ. ಉಪ್ಪು ಸ್ಟೇನ್‌ಲೆಸ್ ರಾಡಿನಲ್ಲೂ ಸೂಜಿಮೊನೆಯಷ್ಟು ಗುಳಿ ತೋಡುತ್ತದೆ, ಆ ಗುಳಿ ಓ-ರಿಂಗನ್ನು ಕೊರೆಯುತ್ತದೆ. ಬಣ್ಣದ್ದು ಇನ್ನೊಂದು ಕಥೆ. ಸ್ಪ್ರೇ ಮಾಡಿದಾಗ ಥಿನ್ನರ್ ಆರುತ್ತಾ ತಗಡು ತಣ್ಣಗಾಗುತ್ತದೆ, ಹವೆಯ ತೇವ ಅದರ ಮೇಲೆ ಕೂರುತ್ತದೆ, ಹಳದಿ ಬಣ್ಣ ಬೂದಿ ಬಳಿದ ಹಾಗೆ ಮಂಕಾಗುತ್ತದೆ. ನವರಾತ್ರಿ ಕಳೆಯುವವರೆಗೆ ನನ್ನ ಲೋಡರಿಗೆ ಪ್ರೈಮರೇ ಗತಿ.

ತೂಕ ಸರಿಹೋಯಿತು, ಒತ್ತಡ ಸರಿಹೋಯಿತು. ಸರಿಹೋಗದೇ ಉಳಿದದ್ದು ಎರಡು: ಮರಳು ಮತ್ತು ಹೊತ್ತು. ಮರಳಿನ ಕಾಳು ನನ್ನ ಅಳತೆಗೆ ಸಣ್ಣದಾಗುವುದಿಲ್ಲ. ಸ್ವಲ್ಪ ತೇವ ಇದ್ದರೆ ಸಾಕು, ಅಂಗೈ ಎತ್ತರದ ಮರಳು ಗೋಡೆಯ ಹಾಗೆ ನಿಲ್ಲುತ್ತದೆ. ದೊಡ್ಡ ಗುಡ್ಡೆ ಹಾಗೆ ನಿಲ್ಲುವುದಿಲ್ಲ, ಅದರ ಭಾರಕ್ಕೇ ಕುಸಿಯುತ್ತದೆ. ಪೂರ್ತಿ ಒಣಗಿಸಿದರೆ ಇಳಿಜಾರು ಸರಿ ಬರುತ್ತದೆ. ಆದರೆ ಆಗ ಹೊತ್ತಿನ ತಕರಾರು. ಬಕೆಟ್ಟಿನಿಂದ ಬೀಳುವ ಮರಳು ಭೂಮಿಯ ಸೆಳೆತಕ್ಕೆ ಬೀಳುವುದು, ಸೆಳೆತಕ್ಕೆ 1:14 ಇಲ್ಲ. ದೊಡ್ಡ ಲೋಡರಿನಿಂದ ಅದಿರು ಲಾರಿಗೆ ಬೀಳಲಿಕ್ಕೆ ಬೇಕಾದ ಹೊತ್ತಿನ ನಾಲ್ಕನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಹೊತ್ತಿನಲ್ಲಿ ನನ್ನದರಿಂದ ಬಿದ್ದು ಮುಗಿದಿರುತ್ತದೆ. 14ರ ವರ್ಗಮೂಲ 3.74, ಅದೇ ಲೆಕ್ಕ. ಸಿನಿಮಾದವರು ಚಿಕ್ಕ ಮಾಡೆಲ್‌ಗಳನ್ನು ಹೆಚ್ಚು ವೇಗದ ಕ್ಯಾಮೆರಾದಲ್ಲಿ ಹಿಡಿದು ನಿಧಾನವಾಗಿ ತೋರಿಸುತ್ತಿದ್ದದ್ದು ಇದಕ್ಕೇ. ನಾನು ಬೂಮನ್ನು ನಿಧಾನ ಮಾಡಬಲ್ಲೆ, ಮರಳನ್ನಲ್ಲ. ಮೊಬೈಲ್‌ನಲ್ಲಿ ಸ್ಲೋ ಮೋಶನ್ ಹಾಕಿ ನೋಡಿದರೆ ಮಾತ್ರ ಎರಡೂ ಹೊಂದುತ್ತವೆ. ಆಗ ಒಂದು ಕ್ಷಣ ಬೇಲೇಕೇರಿಯೇ ಅನ್ನಿಸುತ್ತದೆ, ಧೂಳಿನ ಬಣ್ಣ ಒಂದು ಬಿಟ್ಟು.

ಶ್ರಾವಣದಲ್ಲಿ ಹಳೆಯ ಆಪರೇಟರ್ ಒಬ್ಬರು ಮನೆಗೆ ಬಂದಿದ್ದರು. ಹುಬ್ಬಳ್ಳಿ ಕಡೆಯವರು, ಆ ಕಾಲದಲ್ಲಿ ನನ್ನ ಕಾಟಾದ ಎದುರಿನ ಪ್ಲಾಟ್‌ನಲ್ಲಿ ಲೋಡರ್ ಓಡಿಸುತ್ತಿದ್ದವರು. ಶೇಟ್ರನ್ನೂ ಕರೆದಿದ್ದೆ. ಆಪರೇಟರ್ ಕೈಗೆ ರಿಮೋಟ್ ಕೊಟ್ಟರೆ ಮೊದಲು ಅವರು ಕೇಳಿದ್ದು, "ಬಕೆಟ್ ಯಾವ ಕಡೆ ಇಟ್ಟೀರಿ?" ಹಿಂದಕ್ಕೆ ಎಳೆದರೆ ಬೂಮ್ ಏಳುತ್ತದೆ, ಎಡಕ್ಕೆ ದೂಡಿದರೆ ಬಕೆಟ್ ಹಿಂದಕ್ಕೆ ಮಗುಚುತ್ತದೆ, ನಿಜವಾದ ಜಾಯ್‌ಸ್ಟಿಕ್ ಹಾಗೇ ಅಂದೆ. ತಲೆಯಾಡಿಸಿದರು. ಬಕೆಟ್ಟನ್ನು ನೆಲಕ್ಕೆ ಚಪ್ಪಟೆಯಾಗಿ ಊರಿ ಗುಡ್ಡೆಯ ಬುಡಕ್ಕೆ ನುಗ್ಗಿಸಿದರು. ನಾನಾಗಿದ್ದರೆ ಇನ್ನೂ ದೂಡುತ್ತಿದ್ದೆ. ಅವರು ಅರ್ಧ ಹೋದ ಕೂಡಲೇ ಬೂಮನ್ನು ಎಳ್ಳಷ್ಟು ಎತ್ತಿದರು. ಮರಳಿನ ಭಾರ ಮುಂದಿನ ಚಕ್ರದ ಮೇಲೆ ಕೂತಿತು, ಜಾರುತ್ತಿದ್ದ ಟೈರು ಹಿಡಿತ ಕಂಡಿತು. ಆಮೇಲೆ ಬಕೆಟ್ ಸ್ವಲ್ಪ ಹಿಂದಕ್ಕೆ ಮಗುಚು, ಮತ್ತೆ ಸ್ವಲ್ಪ ದೂಡು. ಮೂರೇ ಸಲಕ್ಕೆ ಬಕೆಟ್ ತುಂಬಿ ತುಳುಕಿತು. ಗಾಡಿ ಹಿಂದೆ ತೆಗೆದು ಮೇಲೆತ್ತುವಾಗ ಹಿಂದಿನ ಎರಡೂ ಚಕ್ರ ನೆಲ ಬಿಟ್ಟವು.

"ನಾಯ್ಕರ, ಹಿಂದ ತೂಕ ಸಾಲಂಗಿಲ್ಲ ನೋಡ್ರಿ."

ಹಿಂದೆ ಈಗಾಗಲೇ ಸೀಸ ಇದೆ ಅಂದೆ. ಬೀಸುಬಲೆಗೆ ಕಟ್ಟುವ ಸೀಸದ ಗುಂಡುಗಳು, ಪೇಟೆಯಲ್ಲಿ ಬಲೆ ಮಾರುವ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತವೆ. ಅವನ್ನು ಬ್ಯಾಟರಿಯ ಹಿಂದೆ ಪೆಟ್ಟಿಗೆ ಮಾಡಿ ತುಂಬಿದ್ದೇನೆ. ಇಡೀ ಗಾಡಿ ತಕ್ಕಡಿಯಲ್ಲಿ ಆರೂವರೆ ಕಿಲೋ, ಲೆಕ್ಕಕ್ಕೆ ಸರಿಯಾಗಿ. ಇನ್ನು ಒಂದು ಗ್ರಾಂ ಹಾಕಿದರೂ ಅಳತೆ ತಪ್ಪುತ್ತದೆ ಅಂದೆ.

"ಕಾಟಾ ಬಿಟ್ಟು ಇಷ್ಟು ವರ್ಷ ಆತು, ಇನ್ನೂ ಓವರ್‌ಲೋಡ್ ಅಂತ ಬರೀತೀರೇನ್ರಿ?" ಅಂದರು. ಶೇಟ್ರು ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು.

ಅವರು ಹೋದ ಮರುದಿನ ಅರ್ಧ ಕಿಲೋ ಸೀಸ ತಂದು ಪೆಟ್ಟಿಗೆಗೆ ಸೇರಿಸಿದೆ. ಈಗ ಹಿಂದಿನ ಚಕ್ರ ಏಳುವುದಿಲ್ಲ. ಆದರೆ ಅಷ್ಟೂ ಭಾರ ಹಿಂದಿನ ಆಕ್ಸಲಿನ ಕೀಲಿನ ಮೇಲೆ ಬಿದ್ದು ಅಲ್ಲಿನ ಹಿತ್ತಾಳೆ ಬುಶ್ ಸವೆಯಲಿಕ್ಕೆ ಶುರುವಾಗಿದೆ. ಕಂಚಿನ ಜಾತಿಯ ಗನ್‌ಮೆಟಲ್‌ನದ್ದು ಹಾಕಬೇಕು. ಲೇತ್‌ನವರು ಚೌತಿ ಮುಗಿಸಿಕೊಂಡು ಬನ್ನಿ ಅಂದಿದ್ದಾರೆ.